"ಆಯ್ತು ಸರ್" ಅಂದರೆ ಏನಾಯ್ತು? ನಾಲ್ಕು ಮೆಸೇಜು, 400 ಬುಷ್, ಒಂದು ಎಕ್ಸ್‌ಪ್ಲನೇಷನ್

ಪೀಣ್ಯ 2ನೇ ಹಂತ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೆಳಗೆ ಒಂದಿಷ್ಟು ವಾಟ್ಸಾಪ್ ಮೆಸೇಜು ಹಾಕಿದ್ದೇನೆ. ಓದಿ, ಎಡವಟ್ಟು ಎಲ್ಲಾಯ್ತು ಅಂತ ಹೇಳಿ. ಸೋಮವಾರ ಬೆಳಗ್ಗೆ ಓನರ್‌ಗೆ ಎಕ್ಸ್‌ಪ್ಲನೇಷನ್ ಬರೆದುಕೊಡಬೇಕು. ಅದಕ್ಕೇ ಇಷ್ಟು ಅವಸರ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪು. ಮೂವತ್ತು ಜನ ಇದ್ದೇವೆ. ಪ್ಲಾನಿಂಗು, ಡಿಸ್ಪ್ಯಾಚು ಎರಡೂ ನಾನೇ ನೋಡಿಕೊಳ್ಳುತ್ತೇನೆ. ಒಬ್ಬ ಕಸ್ಟಮರಿಗೆ 400 ಬುಷ್ (ನಡುವೆ ತೂತಿರುವ, ಕೊಳವೆಯಂಥ ಬಿಡಿಭಾಗ) ಹೋಗಬೇಕಿತ್ತು. ಒಳಗಿನ ಬೋರ್, ಅಂದರೆ ತೂತು, 20 ಎಂಎಂ. ಮೊದಲು ಎಚ್8 ಇತ್ತು, ಹೊಸ ಡ್ರಾಯಿಂಗಿನಲ್ಲಿ ಎಚ್7 ಮಾಡಿದ್ದಾರೆ. ಈ ಲೈನಿನಲ್ಲಿ ಇಲ್ಲದವರಿಗೆ ಹೇಳುತ್ತೇನೆ: 20 ಎಂಎಂ ತೂತಿಗೆ ಎಚ್8 ಅಂದರೆ 20.033ರ ತನಕ ಹೋಗಬಹುದು. ಎಚ್7 ಅಂದರೆ 20.021ಕ್ಕೆ ನಿಲ್ಲಬೇಕು. ಮಧ್ಯೆ ಇರೋದು 12 ಮೈಕ್ರಾನ್. ತಲೆಗೂದಲು ಇದಕ್ಕಿಂತ ಎಷ್ಟೋ ದಪ್ಪ.

ಶುಕ್ರವಾರ ರಾತ್ರಿ 8:47ಕ್ಕೆ ನೈಟ್ ಶಿಫ್ಟ್ ಸೂಪರ್‌ವೈಸರಿಗೆ ನಾನು ಹಾಕಿದ್ದು:
"ಸರ್ ನಾಳೆ ಬೆಳಗ್ಗೆ ಬುಷ್ ಹೋಗ್ಲೇಬೇಕು. ಬೋರ್ ಎಲ್ಲಾ ಚೆಕ್ ಮಾಡ್ಸಿ, ಡಿಸಿ ರೆಡಿ ಮಾಡಿ ಇಡಿ. ಹಳೆ ಡ್ರಾಯಿಂಗ್ ಬೇಡ." (ಡಿಸಿ ಅಂದರೆ ಡೆಲಿವರಿ ಚಲನ್, ಮಾಲಿನ ಜೊತೆ ಹೋಗುವ ಚೀಟಿ.)

8:52ಕ್ಕೆ ಅವರು: "ಆಯ್ತು ಸರ್."

ಶನಿವಾರ ಬೆಳಗ್ಗೆ 6:38ಕ್ಕೆ ನಾನು: "ಆಯ್ತಾ?"

6:41ಕ್ಕೆ ಅವರು: "ಆಯ್ತು ಸರ್." ಜೊತೆಗೆ ಒಂದು ಹೆಬ್ಬೆರಳು.

ಟೆಂಪೋ ಕಳಿಸಿದೆ. ಮಧ್ಯಾಹ್ನ 3 ಗಂಟೆಗೆ ಕಸ್ಟಮರ್ ಕಡೆಯಿಂದ ಫೋನು. 400ರಲ್ಲಿ 170 ಪೀಸು ರಿಜೆಕ್ಟ್. ಬೋರ್ 20.024ರಿಂದ 20.030 ಬರುತ್ತಿದೆಯಂತೆ. ತೂತು ಚಿಕ್ಕದಾಗಿದ್ದರೆ ರೀಮರ್ ಹಾಕಿ ಸರಿಮಾಡಬಹುದಿತ್ತು. ದೊಡ್ಡದಾದರೆ ಗುಜರಿಗೇ.

ಚೆಕ್ ಮಾಡದೆ ಸುಮ್ನೆ "ಆಯ್ತು" ಅಂದುಬಿಟ್ಟಿದ್ದಾರೆ, ಸುಳ್ಳು ಹೇಳಿದ್ದಾರೆ ಅಂತ ನನಗೆ ಅನ್ನಿಸುತ್ತಿದೆ. ಎಕ್ಸ್‌ಪ್ಲನೇಷನ್‌ನಲ್ಲೂ ಅದನ್ನೇ ಬರೆಯೋಣ ಅಂತಿದ್ದೇನೆ. ಸರೀನಾ?

ಎಚ್‌ಆರ್ ಅಕ್ಕ | ಶನಿವಾರ, ರಾತ್ರಿ 10:05

ಸ್ವಲ್ಪ ತಡೆಯಿರಿ. ನಿಮ್ಮ ಮೊದಲನೇ ಮೆಸೇಜನ್ನೇ ಇನ್ನೊಂದು ಸಲ ಓದಿ. ಒಂದು ಸಮಾಚಾರ ಇದೆ, ಎರಡು ಕೆಲಸ ಇವೆ, ಕೊನೆಯಲ್ಲಿ ಒಂದು "ಬೇಡ" ಇದೆ. ಇಷ್ಟಕ್ಕೂ ಸೇರಿ ಒಂದೇ "ಆಯ್ತು". ಅದು ಯಾವುದಕ್ಕೆ ಬಂದದ್ದು?

ಬೆಳಗಿನ ಮೆಸೇಜು ಇನ್ನೂ ಕಷ್ಟ. "ಆಯ್ತಾ?" ಅಂತ ಮಾತ್ರ ಕೇಳಿದ್ದೀರಿ. ಏನು ಆಯ್ತಾ? ನಿಮ್ಮ ತಲೆಯಲ್ಲಿ ಬೋರ್ ಚೆಕಿಂಗ್ ಇತ್ತು. ಅವರ ತಲೆಯಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತು?

ಹೊಸಬರ ಟ್ರೈನಿಂಗಿನಲ್ಲಿ ನಾವು ಒಂದು ಚಿತ್ರ ತೋರಿಸುತ್ತೇವೆ. ಹೇಳುವವನು, ಹೇಳುವ ದಾರಿ, ಕೇಳುವವನು, ಮಧ್ಯದಲ್ಲಿ ಗದ್ದಲ, ಕೊನೆಗೆ ಮರುಮಾತು. ನಿಮ್ಮಲ್ಲಿ ಮರುಮಾತು ಬಂದಿದೆ, ಆದರೆ ಅದರಲ್ಲಿ ಮಾಹಿತಿ ಸೊನ್ನೆ.

ಹುಬ್ಬಳ್ಳಿ ಗಿರಮಿಟ್ | ಶನಿವಾರ, ರಾತ್ರಿ 10:20

ಅಕ್ಕ ಹೇಳಿದ್ದು ಖರೆ. "ಆಯ್ತು" ಅನ್ನೋದು ಭಾಳ ಮೋಸದ ಮಾತು. ನಮ್ಮ ಕಡೆ "ಆತು" ಅಂತೇವಿ, ಮೋಸ ಮಾತ್ರ ಅದೇ.

ಮನೆಯಲ್ಲಿ ಕೇಳಿ ನೋಡಿ. "ಗ್ಯಾಸ್ ಬುಕ್ ಮಾಡ್ರಿ" ಅಂದಳು ನಮ್ಮಾಕಿ. "ಆತು" ಅಂದೆ. ನಾನು ಅಂದದ್ದು, ಕೇಳಿಸಿತು ಅಂತ. ಆಕಿ ತಿಳಿದದ್ದು, ಒಪ್ಪಿಕೊಂಡರು ಅಂತ. ಸಂಜೆ ಅತ್ತೆ ಕೇಳಿದರೆ ಆಕಿ ಹೇಳಿದ್ದು, "ಬುಕ್ ಮಾಡ್ಯಾರ". ಒಂದೇ ದಿನದಲ್ಲಿ ಒಂದು "ಆತು" ಮೂರು ಅವತಾರ ತಾಳಿತು. ಸಿಲಿಂಡರ್ ಮಾತ್ರ ಬರಲಿಲ್ಲ.

ನೋಡಿ ಬೇಕಾದರೆ. "ಅನ್ನ ಆಯ್ತಾ?" "ಆಯ್ತು." ಇಲ್ಲಿ ಕೆಲಸ ಮುಗಿದಿದೆ. "ಎರಡು ಕೇಜಿ ಸಕ್ಕರೆ ಕಳಿಸಿ." "ಆಯ್ತು." ಇಲ್ಲಿ ಕೆಲಸ ಇನ್ನೂ ಶುರುವೇ ಆಗಿಲ್ಲ. ಪದ ಅದೇ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ದನಿಯಲ್ಲಿ ಗೊತ್ತಾಗುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ.

ಕಡತ ವಿಲೇವಾರಿ | ಶನಿವಾರ, ರಾತ್ರಿ 10:58

ನಾನು 31 ವರ್ಷ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತನಾದವನು. ನಮ್ಮನ್ನು ಆಡಿಕೊಳ್ಳುವವರೇ ಜಾಸ್ತಿ, ಆದರೆ ಈ ಒಂದು ವಿಷಯದಲ್ಲಿ ಹಳೇ ಕಚೇರಿ ಪದ್ಧತಿ ನಿಮ್ಮ ವಾಟ್ಸಾಪಿಗಿಂತ ಚೊಕ್ಕ.

ಪತ್ರ ಬಂದ ಕೂಡಲೇ ತಪಾಲಿನಲ್ಲಿ ತಾರೀಖಿನ ಮುದ್ರೆ ಬೀಳುತ್ತಿತ್ತು. ಅದರ ಅರ್ಥ "ಬಂತು" ಅಂತ ಅಷ್ಟೇ. ಆಮೇಲೆ ಗುಮಾಸ್ತ ಟಿಪ್ಪಣಿ ಬರೆದು ಮಂಡಿಸಿದ ಮೇಲೆ ಸಾಹೇಬರು ಷರಾ ಹಾಕುತ್ತಿದ್ದರು. ಅದು "ಮಾಡಿ". ಕೆಲಸ ಮುಗಿದ ಮೇಲೆ ಅರ್ಜಿದಾರರಿಗೆ ಹಿಂಬರಹ ಹೋಗುತ್ತಿತ್ತು. ಅದು "ಮಾಡಿದೆವು". ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಜಾಗ, ಬೇರೆ ಬೇರೆ ಸಹಿ. ತಪಾಲು ಮುದ್ರೆ ತೋರಿಸಿ "ನನ್ನ ಕೆಲಸ ಆಗಿದೆ" ಅಂತ ಯಾರೂ ವಾದ ಮಾಡುತ್ತಿರಲಿಲ್ಲ.

ನಿಮ್ಮ ಸೂಪರ್‌ವೈಸರ್ 8:52ಕ್ಕೆ ಒತ್ತಿದ್ದು ತಪಾಲು ಮುದ್ರೆ. ನೀವು ಅದನ್ನು ಹಿಂಬರಹ ಅಂತ ಓದಿದಿರಿ.

ಹಾಗಂತ ನಮ್ಮಲ್ಲೂ ಎಲ್ಲಾ ಸರಿ ಇತ್ತು ಅಂತಲ್ಲ. ಕೆಲವು ಸಾಹೇಬರು ಕಡತದ ಮೇಲೆ "ಚರ್ಚಿಸಿ" ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಅದರ ಅರ್ಥ "ಸಹಿ ಹಾಕೋಕೆ ಮನಸ್ಸಿಲ್ಲ, ಯಾಕೆ ಅಂತ ಬರೆದು ಸಿಕ್ಕಿಹಾಕಿಕೊಳ್ಳೋಕೂ ಇಷ್ಟವಿಲ್ಲ". ಇದನ್ನು ಕಲಿಯೋಕೆ ಹೊಸ ಗುಮಾಸ್ತರಿಗೆ ಎರಡು ವರ್ಷ ಬೇಕಾಗುತ್ತಿತ್ತು.

ಲೇತ್ ಮಾಸ್ಟರ್ | ಶನಿವಾರ, ರಾತ್ರಿ 11:30

ಎಲ್ಲರೂ ಎಸಿ ರೂಮಿನಿಂದ ಮಾತಾಡುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ.

ರಾತ್ರಿ 8:52 ಅಂದರೆ ಶಿಫ್ಟ್ ಬದಲಾಗಿ ಐವತ್ತು ನಿಮಿಷ. ಹಗಲು ಪಾಳಿಯವನು ಅರ್ಧ ಬಿಟ್ಟುಹೋದ ಕೆಲಸ ನೋಡಬೇಕು, ಯಾರು ರಜೆ ಅಂತ ನೋಡಬೇಕು, ಒಂದು ಮಷಿನ್ ಅಲಾರಂ ಕೂಗುತ್ತಿರುತ್ತದೆ. ಕೈಯೆಲ್ಲಾ ಕೂಲೆಂಟು, ಆಯಿಲು. ಬನಿಯನ್ ವೇಸ್ಟಿನಲ್ಲಿ ಬೆರಳು ಒರೆಸಿಕೊಂಡು ಫೋನ್ ಮುಟ್ಟಿದರೆ ಸ್ಕ್ರೀನು ಕೇಳೋದೇ ಇಲ್ಲ. ಆ ಹೊತ್ತಲ್ಲಿ ನಾಲ್ಕು ಸಾಲು ಉತ್ತರ ಯಾರು ಟೈಪ್ ಮಾಡುತ್ತಾರೆ? "ಆಯ್ತು ಸರ್" ಅನ್ನೋದು ಅವನಿಗೆ ಎರಡು ಒತ್ತಿನಲ್ಲಿ ಬರುತ್ತದೆ, ಕೀಬೋರ್ಡೇ ಮುಂದೆ ತಂದಿಡುತ್ತದೆ.

ಇನ್ನೊಂದು. ಅವನನ್ನು ಸುಳ್ಳ ಅನ್ನೋಕೆ ಮುಂಚೆ ಒಂದು ಸಲ ಮಾತಾಡಿದಿರಾ? ಫೋನಿನಲ್ಲಿ ಬೇಡ, ಎದುರಿಗೆ. 20 ಬೋರಿಗೆ ನಿಮ್ಮಲ್ಲಿ ಎಷ್ಟು ಪ್ಲಗ್ ಗೇಜ್ (ತೂತಿನೊಳಗೆ ತೂರಿಸಿ ಅಳತೆ ನೋಡುವ ಸಾಧನ) ಇವೆ ಅಂತ ಕೇಳಿ. ನನಗೆ ಏನೋ ವಾಸನೆ ಬರುತ್ತಿದೆ.

ರನ್‌ವೇ ಪಕ್ಕದ ಮನೆ | ಭಾನುವಾರ, ಬೆಳಗ್ಗೆ 7:15

ರಾತ್ರಿ ಈ ಚರ್ಚೆ ಓದಿದ ಮೇಲೆ ನಿದ್ದೆ ಬರಲಿಲ್ಲ. ನಾನು ವಿಮಾನ ನಿಲ್ದಾಣದಲ್ಲಿ ರೇಡಿಯೋ ಸಂಪರ್ಕದ ಕೆಲಸ ಮಾಡಿದವನು. ನಿಮ್ಮ "ಆಯ್ತು"ವಿನ ಅಣ್ಣ ಒಬ್ಬ ಇದ್ದಾನೆ, ಅವನ ಹೆಸರು "ಓಕೆ". ನಮ್ಮ ಕಸುಬಿನಲ್ಲಿ ಅವನ ಕಥೆ ಕೇಳದವರು ಯಾರೂ ಇಲ್ಲ.

1977 ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿತ್ತು, ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಇಲ್ಲಿಗೆ ಬಂದು ತುಂಬಿಕೊಂಡಿದ್ದವು. ಮಂಜು ಬೇರೆ. ಕೆಎಲ್‌ಎಂನ ಒಂದು 747 ವಿಮಾನ ರನ್‌ವೇ ತುದಿಯಲ್ಲಿ ಹೊರಡಲು ನಿಂತಿದೆ. ಪ್ಯಾನ್ ಆಮ್‌ನ ಇನ್ನೊಂದು 747 ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನಕ್ಕೆ ಬರುತ್ತಿದೆ. ಒಬ್ಬರಿಗೊಬ್ಬರು ಕಾಣುತ್ತಿಲ್ಲ. ಟವರಿಗೆ ಇಬ್ಬರೂ ಕಾಣುತ್ತಿಲ್ಲ.

ಕೆಎಲ್‌ಎಂ ಕಡೆಯಿಂದ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವಂಥ ಮಾತು ಬಂತು. ಟವರಿನವರು ಅದನ್ನು "ಟೇಕಾಫ್ ಜಾಗದಲ್ಲಿ ನಿಂತಿದ್ದೇವೆ" ಅಂತ ತಿಳಿದರು. ವಿಮಾನ ಆಗಲೇ ಓಡಲು ಶುರು ಮಾಡಿತ್ತು. ಟವರ್ "ಓಕೆ" ಅಂದಿತು. ಒಂದೆರಡು ಕ್ಷಣ ಬಿಟ್ಟು "ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ" ಅಂದಿತು. ಅದೇ ಗಳಿಗೆಗೆ ಪ್ಯಾನ್ ಆಮ್ ಕೂಡ "ನಾವಿನ್ನೂ ರನ್‌ವೇ ಮೇಲಿದ್ದೇವೆ" ಅಂತ ಮಾತಾಡಿತು. ಎರಡು ದನಿ ಒಂದೇ ತರಂಗದಲ್ಲಿ ಡಿಕ್ಕಿಯಾಗಿ ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಬರೀ ಕೀರಲು ಶಬ್ದ. ಅವರ ಕಿವಿಗೆ ಚೆನ್ನಾಗಿ ಬಿದ್ದದ್ದು "ಓಕೆ" ಒಂದೇ.

583 ಜನ ಸತ್ತರು. ಬದುಕಿದ್ದು 61 ಜನ, ಎಲ್ಲರೂ ಪ್ಯಾನ್ ಆಮ್‌ನಲ್ಲಿದ್ದವರು.

ಅದಾದ ಮೇಲೆ ರೇಡಿಯೋ ಭಾಷೆ ಬಿಗಿಯಾಯಿತು. "ಟೇಕಾಫ್" ಅನ್ನುವ ಪದವನ್ನು ನಿಜವಾಗಿ ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದ ಕಡೆ "ಡಿಪಾರ್ಚರ್" ಅನ್ನಬೇಕು. ಅನುಮತಿ ಸಿಕ್ಕರೆ ಪೈಲಟ್ ಬರೀ "ಓಕೆ" ಅನ್ನುವ ಹಾಗಿಲ್ಲ, ಕೇಳಿದ್ದನ್ನೇ ತಿರುಗಿ ಒಪ್ಪಿಸಬೇಕು. ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತಾರೆ. ಟವರ್ ಅದನ್ನು ಕೇಳಿಸಿಕೊಂಡು ತಪ್ಪಿದ್ದರೆ ಅಲ್ಲೇ ತಿದ್ದಬೇಕು.

170 ಬುಷ್‌ಗೂ 583 ಜನಕ್ಕೂ ಹೋಲಿಕೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಎಡವಿದ ಕಲ್ಲು ಮಾತ್ರ ಅದೇ.

ಹುಬ್ಬಳ್ಳಿ ಗಿರಮಿಟ್ | ಭಾನುವಾರ, ಬೆಳಗ್ಗೆ 8:02

ಓದಿ ಮೈ ಜುಂ ಅಂತು.

ರೀಡ್‌ಬ್ಯಾಕ್ ಅಂದಿರಲ್ಲ, ಅದನ್ನು ನಮ್ಮ ಖಾನಾವಳಿ ಹತ್ತಿರದ ದೋಸೆ ಹೋಟೆಲಿನವರು ದಿನಾ ಮಾಡುತ್ತಾರೆ. ಸಪ್ಲಾಯರ್ "ಎರಡು ಮಸಾಲೆ, ಒಂದು ಖಾಲಿ" ಅಂತ ಕೂಗುತ್ತಾನೆ. ಒಳಗಿನಿಂದ ಭಟ್ಟರು "ಎರಡು ಮಸಾಲೆ, ಒಂದು ಖಾಲಿ" ಅಂತ ತಿರುಗಿ ಕೂಗುತ್ತಾರೆ. "ಆಯ್ತು" ಅನ್ನುವುದಿಲ್ಲ. ಬಸ್ಸಿನ ಕಂಡಕ್ಟರೂ ಹಂಗೇ. ನಿಲ್ಲಿಸೋಕೆ "ಹೋಲ್ಡಾನ್", ಬಿಡೋಕೆ "ರೈಟ್ ರೈಟ್". ಎರಡಕ್ಕೂ ಒಂದೇ ಪದ ಇದ್ದಿದ್ದರೆ ಬಾಗಿಲಲ್ಲಿ ಕಾಲಿಟ್ಟ ಅಜ್ಜಿಯ ಗತಿ ಏನು?

ನ್ಯೂಜೆರ್ಸಿ ಮಾವಿನಕಾಯಿ | ಭಾನುವಾರ, ಬೆಳಗ್ಗೆ 9:20

ಇಲ್ಲಿ ಇನ್ನೂ ಶನಿವಾರ ರಾತ್ರಿ. ಎಚ್‌ಆರ್ ಅಕ್ಕ ಹೇಳಿದ ಚಿತ್ರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಅದು ಹುಟ್ಟಿದ ಬೆಲ್ ಲ್ಯಾಬ್ಸ್ ಅನ್ನುವ ಟೆಲಿಫೋನ್ ಸಂಶೋಧನಾ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

1948ರಲ್ಲಿ ಅಲ್ಲಿನ ಗಣಿತಜ್ಞ ಕ್ಲಾಡ್ ಶಾನನ್ ಆ ಡಬ್ಬಿ ಮತ್ತು ಬಾಣದ ಚಿತ್ರ ಹಾಕಿದಾಗ ಅವರ ತಲೆಯಲ್ಲಿ ಆಫೀಸು ಇರಲಿಲ್ಲ, ಟೆಲಿಫೋನ್ ತಂತಿ ಇತ್ತು. ಈ ಕಡೆ ಹಾಕಿದ ಸಂಕೇತ ಆ ಕಡೆ ಹಾಗೇ ಬರುತ್ತದಾ ಅನ್ನುವುದು ಅವರ ಪ್ರಶ್ನೆ. ಸಂದೇಶದ ಅರ್ಥ ಏನು ಅನ್ನುವುದು ಇಂಜಿನಿಯರಿಂಗ್ ಸಮಸ್ಯೆಗೆ ಸಂಬಂಧ ಇಲ್ಲ ಅಂತ ಅವರೇ ಶುರುವಿನಲ್ಲಿ ಬರೆದಿದ್ದಾರೆ. ಅದನ್ನೇ ತಂದು ನಾವು ಟ್ರೈನಿಂಗ್ ಸ್ಲೈಡಿನಲ್ಲಿ ಹಾಕಿಕೊಂಡೆವು.

ಪೀಣ್ಯದ ಕೇಸಿನಲ್ಲಿ ತಂತಿಗೆ ಏನೂ ಆಗಿಲ್ಲ. ಎರಡು ನೀಲಿ ಟಿಕ್ ಬಿದ್ದಿವೆ ತಾನೇ? ಒಂದು ಅಕ್ಷರವೂ ದಾರಿಯಲ್ಲಿ ಕಳೆದುಹೋಗಿಲ್ಲ. ಶಾನನ್ ಲೆಕ್ಕದಲ್ಲಿ ನೂರಕ್ಕೆ ನೂರು ಪಾಸು. ಮಾಲು ಮಾತ್ರ ರಿಜೆಕ್ಟು.

ಪೀಣ್ಯ 2ನೇ ಹಂತ | ಭಾನುವಾರ, ಮಧ್ಯಾಹ್ನ 1:10

ಲೇತ್ ಮಾಸ್ಟರ್ ಮಾತು ಕೇಳಿ ಸೂಪರ್‌ವೈಸರ್ ಮನೆಗೇ ಹೋಗಿ ಬಂದೆ. ದಾಸರಹಳ್ಳಿಯಲ್ಲಿ ಮನೆ. ನೈಟ್ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿದೆ ಪಾಪ. ಅವರ ಮನೆಯವರು ಕಾಫಿ ಕೊಟ್ಟರು. ಬೈಯೋಕೆ ಹೋದವನು ಕಾಫಿ ಕುಡಿಯುತ್ತಾ ಕೂತೆ.

ಅವರು ಸುಳ್ಳು ಹೇಳಿಲ್ಲ. 400 ಪೀಸೂ ಚೆಕ್ ಮಾಡಿಸಿದ್ದಾರೆ. ಇಬ್ಬರು ಹುಡುಗರನ್ನು ಕೂರಿಸಿ ರಾತ್ರಿ 11ರಿಂದ 2ರ ತನಕ. ಪ್ಲಗ್ ಗೇಜಿನ ಗೋ ಕಡೆ (ತೂತಿನೊಳಗೆ ಹೋಗಬೇಕಾದ್ದು) ಎಲ್ಲದರಲ್ಲೂ ಹೋಗಿದೆ, ನೋಗೋ ಕಡೆ (ಹೋಗಬಾರದ್ದು) ಒಂದರಲ್ಲೂ ಹೋಗಿಲ್ಲ. ಆದರೆ ಅದು ಎಚ್8 ಗೇಜು. ಎಚ್7 ಗೇಜು ಕ್ವಾಲಿಟಿಯವರ ಬೀರುವಿನಲ್ಲಿತ್ತು, ಬೀಗ ಹಾಕಿಕೊಂಡು ಅವರು 6 ಗಂಟೆಗೇ ಹೋಗಿದ್ದರು. ಹೊಸ ಗೇಜು ಬಂದಿದೆ ಅನ್ನೋದೇ ಇವರಿಗೆ ಗೊತ್ತಿರಲಿಲ್ಲ.

"ಹಳೆ ಡ್ರಾಯಿಂಗ್ ಬೇಡ ಅಂತ ಹಾಕಿದ್ದೆನಲ್ಲ ಸರ್?" ಅಂದೆ. ಅವರು ಹೇಳಿದ್ದು ಕೇಳಿ. "ಹೌದು ಸರ್, ಅದಕ್ಕೇ ಡಿಸಿ ಜೊತೆ ಹಳೆ ಡ್ರಾಯಿಂಗ್ ಕಾಪಿ ಇಡಲಿಲ್ಲ."

ನಮ್ಮಲ್ಲಿ ಮಾಲಿನ ಜೊತೆ ಡ್ರಾಯಿಂಗ್ ಕಾಪಿ ಕಳಿಸುವ ರೂಢಿ ಇದೆ. ನನ್ನ ಮಾತಿಗೆ ಅವರು ಕೊಟ್ಟ ಅರ್ಥ ನನ್ನ ಅರ್ಥಕ್ಕಿಂತ ಸಹಜವಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಲೇತ್ ಮಾಸ್ಟರ್ | ಭಾನುವಾರ, ಮಧ್ಯಾಹ್ನ 1:25

ನಾನು ಹೇಳಲಿಲ್ವಾ, ಗೇಜು!

ನೋಡಿ, ನಿಮ್ಮ "ಬೇಡ"ಕ್ಕೆ ಕ್ರಿಯಾಪದವೇ ಇಲ್ಲ. ಹಳೆ ಡ್ರಾಯಿಂಗ್ ಏನು ಬೇಡ? ಕಳಿಸೋದು ಬೇಡವಾ, ನೋಡೋದು ಬೇಡವಾ, ಅದರ ಪ್ರಕಾರ ಅಳೆಯೋದು ಬೇಡವಾ? "ಎಚ್7 ಗೇಜಿನಲ್ಲಿ ಚೆಕ್ ಮಾಡಿ" ಅಂದಿದ್ದರೆ ಅವನು ಆ ಕ್ಷಣವೇ "ಆ ಗೇಜು ಎಲ್ಲಿದೆ ಸರ್?" ಅಂತ ಕೇಳುತ್ತಿದ್ದ. ಬೇಡ ಅಂತ ಹೇಳಿದರೆ ಮನುಷ್ಯ ಸುಮ್ಮನಾಗುತ್ತಾನೆ. ಏನು ಬೇಕು ಅಂತ ಹೇಳಿದರೆ ಹುಡುಕುತ್ತಾನೆ.

ಈಗ ನನ್ನ ಎರಡನೇ ಅನುಮಾನ. ಗೇಜು ಅಳೆಯುವುದು ಕೊನೆಯ ಕೆಲಸ. ಬೋರ್ 20.030 ಬಂದಿದೆ ಅಂದರೆ ಮಷಿನಿನಲ್ಲಿ ಹೊಡೆಯುವಾಗಲೇ ಹಳೆ ಲೆಕ್ಕಕ್ಕೆ ಹೊಡೆದಿದ್ದಾರೆ. ಆಪರೇಟರಿಗೂ ಎಚ್7 ಗೊತ್ತಿರಲಿಲ್ಲ. ಶುಕ್ರವಾರ ರಾತ್ರಿ ಸರಿಯಾಗಿ ಚೆಕ್ ಮಾಡಿದ್ದರೂ ಈ 170 ಪೀಸು ಗುಜರಿಯೇ, ಟೆಂಪೋ ಬಾಡಿಗೆ ಉಳಿಯುತ್ತಿತ್ತು ಅಷ್ಟೇ. ಹೊಸ ಡ್ರಾಯಿಂಗ್ ನಿಮ್ಮ ಶಾಪಿಗೆ ಬಂದದ್ದು ಹೇಗೆ?

ಪೀಣ್ಯ 2ನೇ ಹಂತ | ಭಾನುವಾರ, ಸಂಜೆ 4:50

ಆಫೀಸಿಗೆ ಹೋಗಿ ಮೇಲ್ ತೆಗೆದು ನೋಡಿದೆ. ಹೇಳೋಕೆ ನಾಚಿಕೆ ಆಗುತ್ತದೆ.

ಕಸ್ಟಮರ್ 11 ದಿನ ಹಿಂದೆಯೇ ಕಳಿಸಿದ್ದಾರೆ, ನಾವು ಆ ಲಾಟ್ ಶುರು ಮಾಡುವ ಮೊದಲೇ. ಆದರೆ ಹೊಸದಾಗಿ ಬರೆದ ಮೇಲ್ ಅಲ್ಲ. ಹಳೇ ಪೇಮೆಂಟ್ ಬಗ್ಗೆ ಎರಡು ತಿಂಗಳಿನಿಂದ ನಡೆಯುತ್ತಿದ್ದ ಮೇಲಿಗೇ ರಿಪ್ಲೈ ಹಾಕಿದ್ದಾರೆ. ಸಬ್ಜೆಕ್ಟಿನಲ್ಲಿ ಇರೋದು "ಪೆಂಡಿಂಗ್ ಪೇಮೆಂಟ್, ಎರಡನೇ ರಿಮೈಂಡರ್". ಮೊದಲ ಪ್ಯಾರಾದಲ್ಲಿ ಪೇಮೆಂಟ್ ವಿಷಯ, ಟಿಡಿಎಸ್ ವಿಷಯ. ಕೊನೆಯ ಸಾಲಿನಲ್ಲಿ "ಇದರ ಜೊತೆ ಪರಿಷ್ಕೃತ ಡ್ರಾಯಿಂಗ್ ಲಗತ್ತಿಸಿದೆ, ಗಮನಿಸಿ". ಏನು ಬದಲಾಗಿದೆ ಅಂತ ಇಲ್ಲ. ಕಳಿಸಿದ್ದು ಅಕೌಂಟ್ಸ್‌ಗೆ. ಸಿಸಿಯಲ್ಲಿ ಏಳು ಜನ. ಆ ಏಳರಲ್ಲಿ ನಾನೂ ಒಬ್ಬ.

ನಾನು ಅದನ್ನು ತೆರೆದಿದ್ದೇನೆ ಕೂಡ. ಪೇಮೆಂಟ್ ಅಂತ ಕಂಡಿತು, ಮುಚ್ಚಿದೆ. ಶುಕ್ರವಾರ ಸಂಜೆ ಕ್ವಾಲಿಟಿಯವರು ಹೋಗುವಾಗ ಬಾಗಿಲಲ್ಲಿ "ಬುಷ್ ಡ್ರಾಯಿಂಗ್ ಚೇಂಜ್ ಆಗಿದೆ ಗೊತ್ತಲ್ವಾ?" ಅಂದರು. ನಾನು ಗೊತ್ತಿದೆ ಅನ್ನುವ ಹಾಗೆ ತಲೆ ಆಡಿಸಿದೆ. ಹತ್ತಿರಹತ್ತಿರ ಮೂರು ಗಂಟೆ ಆದ ಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಗಿ ಆ ಮೆಸೇಜು ಹಾಕಿದ್ದು. ಆಗಲೂ ನನಗೆ ಎಚ್7 ಅಂತ ಗೊತ್ತಿರಲಿಲ್ಲ. ಏನು ಬದಲಾಗಿದೆ ಅಂತ ತಿಳಿದದ್ದೇ ರಿಜೆಕ್ಷನ್ ಆದ ಮೇಲೆ. ಅದಕ್ಕೇ "ಹಳೆ ಡ್ರಾಯಿಂಗ್ ಬೇಡ" ಅಂತ ಬರೆದದ್ದು. ಹೊಸದು ಏನು ಅಂತ ಬರೆಯೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಎಚ್‌ಆರ್ ಅಕ್ಕ | ಭಾನುವಾರ, ಸಂಜೆ 5:30

ಇಷ್ಟು ನೇರವಾಗಿ ಬರೆದಿದ್ದಕ್ಕೆ ನಿಮಗೊಂದು ಕಾಫಿ ನನ್ನ ಲೆಕ್ಕದಲ್ಲಿ.

ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ಹೊಡೆದರೆ ನಾಲ್ಕನೆಯ ಪ್ರತಿ ಹೊತ್ತಿಗೆ ಅಕ್ಷರ ಮಸುಕಾಗುತ್ತಿತ್ತು. ಯಾರಿಗೆ ಪ್ರತಿ ಬೇಕು ಅಂತ ಯೋಚನೆ ಮಾಡಿಯೇ ಹಾಕಬೇಕಿತ್ತು. ಈಗ ಏಳು ಜನಕ್ಕೂ ಒಂದೇ ಹೊಳಪು, ಹಾಗಾಗಿ ಏಳು ಜನರೂ "ಬೇರೆಯವರು ನೋಡಿರುತ್ತಾರೆ" ಅಂತ ಬಿಡುತ್ತಾರೆ. ನಮ್ಮ ಆಫೀಸಿನಲ್ಲಿ ಕೆಲವರು ಸಿಸಿ ಹಾಕೋದೇ ಹೆದರಿಸೋಕೆ. ಮ್ಯಾನೇಜರ್ ಹೆಸರು ಸಿಸಿಯಲ್ಲಿ ಬಂತು ಅಂದರೆ ಜಗಳ ಶುರು ಅಂತ ಅರ್ಥ.

ಸಬ್ಜೆಕ್ಟ್ ಲೈನ್ ಸರಿಯಾಗಿ ಬರೆದು, ಒಂದು ಮೇಲಿಗೆ ಒಂದೇ ವಿಷಯ ಇಟ್ಟು, ಏನು ಬದಲಾಯಿತು ಅಂತ ಮೊದಲ ಸಾಲಿನಲ್ಲೇ ಹೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನನ್ನ ಅಭಿಪ್ರಾಯ ಅಷ್ಟೇ: ಸ್ಪಷ್ಟವಾಗಿ ಬರೆದರೆ ಅರ್ಧಕ್ಕಿಂತ ಜಾಸ್ತಿ ಸಮಸ್ಯೆ ಇರುವುದೇ ಇಲ್ಲ.

ನ್ಯೂಜೆರ್ಸಿ ಮಾವಿನಕಾಯಿ | ಭಾನುವಾರ, ಸಂಜೆ 6:40

ಅಕ್ಕ, ಕೊನೆಯ ಮಾತಿಗೆ ನನ್ನ ತಕರಾರು ಇದೆ.

1985 ಜುಲೈ 31ಕ್ಕೆ ರಾಕೆಟ್ ತಯಾರಿಸುವ ಮಾರ್ಟನ್ ಥಿಯೊಕಾಲ್ ಕಂಪನಿಯ ಇಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ತಮ್ಮ ಮೇಲಿನವರಿಗೆ ಒಂದು ಮೆಮೊ ಬರೆದರು. ನಾಸಾದ ಶಟಲ್ ರಾಕೆಟಿನ ಕೀಲುಗಳಲ್ಲಿ ಕೂರುವ ರಬ್ಬರ್ ಓ-ರಿಂಗ್ ಸವೆಯುತ್ತಿರುವುದರ ಬಗ್ಗೆ. ಯಾಕೆ ಬರೆಯುತ್ತಿದ್ದೇನೆ ಅನ್ನೋದು ಮೊದಲ ವಾಕ್ಯದಲ್ಲೇ ಇತ್ತು: ಈ ಸಮಸ್ಯೆ ಎಷ್ಟು ಗಂಭೀರ ಅಂತ ಮ್ಯಾನೇಜ್‌ಮೆಂಟಿಗೆ ಪೂರ್ತಿ ಗೊತ್ತಾಗಲಿ ಅಂತ. ಜೀವ ಹೋಗಬಹುದು ಅಂತಲೂ ನೇರವಾಗಿ ಬರೆದಿದ್ದರು. ಇದಕ್ಕಿಂತ ಸ್ಪಷ್ಟವಾಗಿ ಬರೆಯೋದು ಹೇಗೆ?

1986 ಜನವರಿ 27ರ ರಾತ್ರಿ ಟೆಲಿಫೋನ್ ಮೀಟಿಂಗ್ ನಡೆಯಿತು. 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಿ ಹಾರಿಸಬೇಡಿ ಅಂತ ಇಂಜಿನಿಯರುಗಳು ಹೇಳಿದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಮಾತಾಡಿಕೊಳ್ಳಲು ಸ್ವಲ್ಪ ಹೊತ್ತು ಲೈನಿನಿಂದ ಹೊರಗೆ ಬಂದರು. ಆಗ ಹಿರಿಯ ಅಧಿಕಾರಿಯೊಬ್ಬರು ಇಂಜಿನಿಯರಿಂಗ್ ಮುಖ್ಯಸ್ಥರಿಗೆ, ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಅಂದರು. ಅಭಿಪ್ರಾಯ ಬದಲಾಯಿತು. ಮರುದಿನ ಸುಮಾರು 2 ಡಿಗ್ರಿ ಚಳಿಯಲ್ಲಿ ಚಾಲೆಂಜರ್ ಶಟಲ್ ಏರಿತು. 73 ಸೆಕೆಂಡಿಗೆ ಒಡೆದು ಚೂರಾಯಿತು. ಏಳು ಜನ ಹೋದರು.

ಮೆಸೇಜಿನಲ್ಲಿ ತಪ್ಪಿರಲಿಲ್ಲ. ಕೇಳುವವರಿಗೆ ಆ ಹೊತ್ತಿಗೆ ಕೇಳೋದು ಬೇಡವಾಗಿತ್ತು. ಮೆಸೇಜನ್ನು ವಿಶ್ಲೇಷಣೆ ಮಾಡುವಾಗ ಪದಗಳನ್ನು ಮಾತ್ರ ನೋಡಬೇಡಿ. ಯಾರು ಯಾರಿಗೆ ಹೇಳಿದರು, "ಇಲ್ಲ" ಅನ್ನುವ ಧೈರ್ಯ ಯಾರಿಗಿತ್ತು ಅಂತಲೂ ನೋಡಿ. ಪೀಣ್ಯದ ಸೂಪರ್‌ವೈಸರ್ "ಹೋಗ್ಲೇಬೇಕು" ಅನ್ನುವ ಮಾತಿಗೆ "ಆಗಲ್ಲ ಸರ್, ಗೊಂದಲ ಇದೆ" ಅಂತ ಹೇಳುವ ಪರಿಸ್ಥಿತಿಯಲ್ಲಿ ಇದ್ದರಾ?

ಲೇತ್ ಮಾಸ್ಟರ್ | ಭಾನುವಾರ, ಸಂಜೆ 7:05

ಇರಲಿಲ್ಲ. ನಾನೇ ಹೇಳುತ್ತೇನೆ. "ಲೇಬೇಕು" ಅಂತ ಬಂದ ಮೇಲೆ ಪ್ರಶ್ನೆ ಕೇಳಿದವನು "ಇವನಿಗೆ ಇಷ್ಟೂ ಗೊತ್ತಿಲ್ವಾ" ಅನ್ನಿಸಿಕೊಳ್ಳುತ್ತಾನೆ. "ಆಯ್ತು ಸರ್" ಅಂದವನು ಒಳ್ಳೆಯವನಾಗುತ್ತಾನೆ, ಬೆಳಗಿನ ತನಕ.

ಪೀಣ್ಯ 2ನೇ ಹಂತ | ಭಾನುವಾರ, ರಾತ್ರಿ 9:15

ಎಕ್ಸ್‌ಪ್ಲನೇಷನ್ ಕರಡು ಬರೆದಿದ್ದೇನೆ. ನೋಡಿ:

"ಮಾನ್ಯರೆ, ದಿನಾಂಕ ಮೇಲ್ಕಂಡಂತೆ 400 ಬುಷ್‌ಗಳನ್ನು ರವಾನಿಸಲಾಗಿದ್ದು, ಸಂವಹನದ ಕೊರತೆಯಿಂದಾಗಿ ಪರಿಷ್ಕೃತ ಡ್ರಾಯಿಂಗ್ ಅನುಸರಿಸಲ್ಪಡದೆ 170 ಬುಷ್‌ಗಳು ತಿರಸ್ಕೃತಗೊಂಡಿರುತ್ತವೆ. ಮುಂದೆ ಇಂತಹ ಲೋಪಗಳು ಆಗದಂತೆ ಸೂಕ್ತ ಕ್ರಮ ವಹಿಸಲಾಗುವುದು."

ಕಡತ ವಿಲೇವಾರಿ | ಭಾನುವಾರ, ರಾತ್ರಿ 9:48

ಅಯ್ಯೋ ಸ್ವಾಮಿ, ಇದನ್ನು ನಾನೇ ಬರೆದಿದ್ದೇನೋ ಅನ್ನಿಸಿತು. 31 ವರ್ಷ ಇದೇ ಬರೆದೆ.

ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ, ಗಮನಿಸಿದಿರಾ? ರವಾನಿಸಲಾಗಿದೆ, ಯಾರು? ಅನುಸರಿಸಲ್ಪಡದೆ, ಯಾರಿಂದ? ಕ್ರಮ ವಹಿಸಲಾಗುವುದು, ಯಾರು, ಯಾವಾಗ, ಏನು? "ಲಾಗಿದೆ, ಲಾಗುವುದು" ಅನ್ನುವುದನ್ನು ನಾವು ಕಚೇರಿಯಲ್ಲಿ ಕಂಬಳಿ ಥರ ಬಳಸುತ್ತಿದ್ದೆವು. ಎಲ್ಲರೂ ಒಳಗೆ ಸೇರಿಕೊಳ್ಳಬಹುದು, ಹೊರಗಿನವರಿಗೆ ಯಾರೂ ಕಾಣುವುದಿಲ್ಲ. ವರ್ಗಾವಣೆಯಾಗಿ ಹೋಗುವವರಿಗೆ ಅದು ಬೇಕು. ನೀವು ನಾಳೆಯೂ ಅದೇ ಶಾಪಿಗೆ ಹೋಗಬೇಕಾದವರು.

"ಸಂವಹನದ ಕೊರತೆ" ಅನ್ನುವುದನ್ನಂತೂ ಮೊದಲು ಹೊಡೆದುಹಾಕಿ. ಕೊರತೆ ಎಲ್ಲಿದೆ? ಮೇಲ್ ಬಂದಿದೆ, ಬಾಗಿಲಲ್ಲಿ ಬಾಯಿಮಾತು ಆಗಿದೆ, ವಾಟ್ಸಾಪ್ ಹೋಗಿದೆ, ಎರಡು "ಆಯ್ತು" ಬಂದಿವೆ, ಒಂದು ಹೆಬ್ಬೆರಳೂ ಬಂದಿದೆ. ಸಂವಹನ ಜಾಸ್ತಿಯೇ ಆಗಿದೆ! ಎಚ್7 ಅನ್ನುವ ಎರಡಕ್ಷರ ಮಾತ್ರ ಇವುಗಳಲ್ಲಿ ಎಲ್ಲೂ ಇಲ್ಲ.

ಸಂಜೆ 4:50ಕ್ಕೆ ನೀವು ಇಲ್ಲಿ ಬರೆದದ್ದನ್ನೇ ಸ್ವಲ್ಪ ತಿದ್ದಿ ಕೊಡಿ.

ಪೀಣ್ಯ 2ನೇ ಹಂತ | ಭಾನುವಾರ, ರಾತ್ರಿ 11:20

ಎರಡನೇ ಕರಡು:

"ಸರ್, ಹೊಸ ಡ್ರಾಯಿಂಗ್ 11 ದಿನ ಮೊದಲೇ ಮೇಲಿನಲ್ಲಿ ಬಂದಿತ್ತು. ಪೇಮೆಂಟ್ ಮೇಲಿನ ಕೊನೆಯಲ್ಲಿ ಇತ್ತು. ನಾನು ತೆರೆದೆ, ಪೂರ್ತಿ ಓದಲಿಲ್ಲ. ಬೋರ್ ಎಚ್8ನಿಂದ ಎಚ್7 ಆಗಿದೆ ಅಂತ ಶಾಪ್‌ಫ್ಲೋರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನೈಟ್ ಶಿಫ್ಟಿನವರು 400 ಪೀಸೂ ಚೆಕ್ ಮಾಡಿದ್ದಾರೆ, ಹಳೆ ಗೇಜಿನಲ್ಲಿ. ಹೊಸ ಗೇಜು ಬೀರುವಿನಲ್ಲಿ ಬೀಗದೊಳಗಿತ್ತು. ನಾನು ಹಾಕಿದ ಮೆಸೇಜಿನಲ್ಲಿ ಯಾವ ಗೇಜು ಅಂತ ಇರಲಿಲ್ಲ. ಹೊಸ ಡ್ರಾಯಿಂಗ್ ಬಂದರೆ ಇನ್ನು ಮೇಲೆ ನಾನೇ ಹಳೆ ಕಾಪಿ ಮಷಿನ್ ಹತ್ತಿರದಿಂದ ತೆಗೆದು, ಬದಲಾದ ಅಳತೆಗೆ ಕೆಂಪು ಸುತ್ತು ಹಾಕಿ, ಆಪರೇಟರ್ ಸಹಿ ತೆಗೆದುಕೊಳ್ಳುತ್ತೇನೆ. ಆ ಬೀರುವಿನ ಇನ್ನೊಂದು ಕೀ ನೈಟ್ ಸೂಪರ್‌ವೈಸರಿಗೆ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ."

ಹೆಂಡತಿಗೆ ತೋರಿಸಿದೆ. "ಇಷ್ಟೆಲ್ಲ ಒಪ್ಪಿಕೊಂಡರೆ ಕೆಲಸ ಉಳಿಯುತ್ತಾ?" ಅಂದಳು.

ಹುಬ್ಬಳ್ಳಿ ಗಿರಮಿಟ್ | ಸೋಮವಾರ, ಬೆಳಗ್ಗೆ 6:30

ಕೊಡ್ರಿ, ಅಂಜಬ್ಯಾಡ್ರಿ. ಕೀ ಕೇಳಿದ್ದು ಭಾರಿ ಆತು.

ಪೀಣ್ಯ 2ನೇ ಹಂತ | ಮಂಗಳವಾರ, ರಾತ್ರಿ 9:05

ಏನಾಯ್ತು ಅಂತ ಕೇಳುತ್ತಿದ್ದಿರಲ್ಲ, ಹೇಳುತ್ತೇನೆ.

ಮೊದಲು ಸೂಪರ್‌ವೈಸರ್ ವಿಷಯ. ನಿನ್ನೆ ರಾತ್ರಿ ಬೇರೆ ಒಂದು ಶಾಫ್ಟ್ ಜಾಬ್ ಬಗ್ಗೆ ಮೆಸೇಜು ಹಾಕಿದೆ. ಒಂದೇ ಕೆಲಸ, ಒಂದೇ ಸಾಲು. ಟೈಪ್ ಮಾಡೋದು ಬೇಡ, ವಾಯ್ಸ್ ಹಾಕಿ ಸರ್ ಅಂದೆ. ಹನ್ನೊಂದು ಸೆಕೆಂಡಿನ ವಾಯ್ಸ್ ಬಂತು. ಹಿಂದೆ ಮಷಿನ್ ಸದ್ದು. "ಸರ್, ಐದು ಪೀಸ್ ನೋಡ್ದೆ, ಮೈಕ್ರೋಮೀಟರ್‌ನಲ್ಲಿ. 24.98, 24.99 ಬರ್ತಾ ಇದೆ. ಡ್ರಾಯಿಂಗ್ ರೆವ್ ಮೂರು ನನ್ ಕೈಲಿದೆ, ನಿಮ್ದೂ ಅದೇನಾ?" ನನ್ನದೂ ಅದೇ ಮೂರನೇ ರೆವಿಷನ್ನಾ ಅಂತ ನಾನು ಎದ್ದುಹೋಗಿ ನೋಡಬೇಕಾಯಿತು. ಅದೇ ಇತ್ತು.

ಇನ್ನು ಓನರ್ ವಿಷಯ. ಪತ್ರ ಕೈಯಲ್ಲಿ ಕೊಟ್ಟೆ, ಮೇಜಿನ ಮೇಲೆ ಇಟ್ಟುಕೊಂಡರು. ವಾಟ್ಸಾಪಿನಲ್ಲೂ ಕಳಿಸು ಅಂದರು, ಕಳಿಸಿದೆ. ಎರಡು ದಿನ ನೀಲಿ ಟಿಕ್ ಬಿಟ್ಟು ಬೇರೇನೂ ಇಲ್ಲ. ಇವತ್ತು ಸಂಜೆ 6:10ಕ್ಕೆ ಉತ್ತರ ಬಂತು: "ಆಯ್ತು ನೋಡೋಣ."

ಎಚ್‌ಆರ್ ಅಕ್ಕ | ಮಂಗಳವಾರ, ರಾತ್ರಿ 9:11

ಅಯ್ಯೋ ದೇವರೇ.

ಕಡತ ವಿಲೇವಾರಿ | ಮಂಗಳವಾರ, ರಾತ್ರಿ 9:20

"ಆಯ್ತು" ತಪಾಲು ಮುದ್ರೆ. "ನೋಡೋಣ" ಅಂದರೆ "ಚರ್ಚಿಸಿ". ನನ್ನ ಅನುಭವದಲ್ಲಿ ಕೆಲಸಕ್ಕೆ ತೊಂದರೆ ಇಲ್ಲ, ಕೀ ಸಿಗುವುದು ಅನುಮಾನ.

ಲೇತ್ ಮಾಸ್ಟರ್ | ಮಂಗಳವಾರ, ರಾತ್ರಿ 9:26

ಇಲ್ಲ ಸರ್, ಪೀಣ್ಯದ ಓನರ್‌ಗಳು ಬೈಯೋದಿದ್ದರೆ ಫೋನ್ ಮಾಡಿ ಬೈಯುತ್ತಾರೆ. ಮೆಸೇಜು ಬಂತು ಅಂದರೆ ಸಿಟ್ಟು ಇಳಿದಿದೆ ಅಂತ. ಕೀ ಸಿಗುತ್ತದೆ, ಸ್ವಲ್ಪ ಲೇಟಾಗುತ್ತದೆ.

ರನ್‌ವೇ ಪಕ್ಕದ ಮನೆ | ಮಂಗಳವಾರ, ರಾತ್ರಿ 9:40

ಊಹೆ ಮಾಡಬೇಡಿ, ಕೇಳಿಬಿಡಿ. "ಸರ್, ಕೀ ಕೊಡಬಹುದು ಅಂತ ಅರ್ಥ ಮಾಡಿಕೊಂಡಿದ್ದೇನೆ, ಸರೀನಾ?" ಅಂತ. ನೀವು ಅವರಿಗೆ ಏನಂತ ಉತ್ತರ ಕೊಟ್ಟಿರಿ?

ಪೀಣ್ಯ 2ನೇ ಹಂತ | ಮಂಗಳವಾರ, ರಾತ್ರಿ 9:52

"ಆಯ್ತು ಸರ್" ಅಂತ ಹಾಕಿಬಿಟ್ಟೆ.